ಗುಂಡು ಮುಖದ ಗುಟ್ಟು

೮ ಜನವರಿ ೨೦೨೩

ಹಾಜರಾಬಿ ಅಕ್ಕ ಇವತ್ತು ಒಂದು ಹಳೆಯ ಡೈರಿ ಕೊಟ್ಟಳು. ಯಾವುದೋ ಬೀಜದ ಅಂಗಡಿಯವರು ಹಂಚಿದ್ದಂತೆ. ಪ್ರತಿ ಪುಟದ ಕೆಳಗೂ ಒಂದು ಹತ್ತಿಕಾಯಿಯ ಚಿತ್ರ. "ಡಾಕ್ಟರ್ ಮುಂದ ಕುಂತ್ರ ನಿನಗ ಎಲ್ಲಾ ಮರತ ಹೋಗತೈತಿ. ಮೈಯಾಗ ಏನೇನ ಆಗತೈತಿ, ಇದರಾಗ ಬರದಿಡು," ಎಂದಳು. ಬರೆಯಲು ಕೂತರೆ ಮೈಗಿಂತ ಮನೆಯ ಸುದ್ದಿಯೇ ಮುಂದೆ ಬರುತ್ತಿದೆ. ಬರಲಿ. ಓದುವವಳು ನಾನೊಬ್ಬಳೇ.

ಹಾಜರಾಬಿ ಅಕ್ಕ ದೊಡ್ಡಾಸ್ಪತ್ರೆಯಲ್ಲಿ ಎಚ್‌ಐವಿಯ ಗುಳಿಗೆ ಕೊಡುವ ಕೇಂದ್ರದಲ್ಲಿದ್ದಾಳೆ. ಹೊಸದಾಗಿ ಬಂದವರಿಗೆ ಧೈರ್ಯ ಹೇಳುವುದು, ಹಳಬರನ್ನು ಬೈಯುವುದು ಅವಳ ಕೆಲಸ. ಹದಿನೆಂಟು ವರ್ಷದಿಂದ ಅವಳೂ ಅದೇ ಗುಳಿಗೆ ನುಂಗುತ್ತಿದ್ದಾಳೆ. ನನ್ನದು ಹನ್ನೊಂದು ವರ್ಷ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಎಪ್ಪತ್ನಾಲ್ಕು ವರ್ಷದ ಅತ್ತೆ ದಾನವ್ವ, ನಡುವೆ ನಲವತ್ತಾರರ ನಾನು, ಬ್ಲೌಸು ಹೊಲಿಯುವ ವಾಣಿಶ್ರೀ. ನಮ್ಮನೆಯವರು, ವಿಶಾಲ, ಹೋಗಿಯೂ ಹನ್ನೊಂದು ವರ್ಷವಾಯಿತು. ಟಿಬಿಯಿಂದ ಹೋದರು ಎಂದು ಅತ್ತೆಗೆ ಗೊತ್ತು. ಆ ಟಿಬಿ ಯಾಕೆ ಬಂತೆಂಬುದು ಗೊತ್ತಿಲ್ಲ. "ಹೊತ್ತಿಗೆ ಸರಿಯಾಗಿ ಉಣಿಸಿದ್ರ ನನ್ನ ಮಗಾ ಇರ್ತಿದ್ದ," ಎಂದು ತಿಂಗಳಿಗೊಮ್ಮೆಯಾದರೂ ಅನ್ನುತ್ತಾರೆ. ನಾನು ಯಂತ್ರವನ್ನು ಜೋರಾಗಿ ತುಳಿಯುತ್ತೇನೆ. ಅರ್ಧ ಮಾತು ಆ ಸದ್ದಿನಲ್ಲಿ ಮುಳುಗುತ್ತದೆ. ನನ್ನ ಗುಳಿಗೆಗಳು ಗುಂಡಿಯ ಡಬ್ಬಿಯಲ್ಲಿ, ಗುಂಡಿಗಳ ಕೆಳಗಿವೆ.

ಇನ್ನು ಮೈಯ ಸುದ್ದಿ. ಬಟ್ಟೆಯ ಧೂಳಿಗೆ ಬರುತ್ತಿದ್ದ ದಮ್ಮು ಆಗಸ್ಟಿನಿಂದ ಇಲ್ಲ. ಎದೆ ಡಾಕ್ಟರು ಚಿನ್ಮಯೀಯವರು ಬಾಯಿಂದ ಎಳೆದುಕೊಳ್ಳುವ ಪಂಪು ಕೊಟ್ಟಿದ್ದಾರೆ. "ಬ್ಯಾರೆ ಏನರ ಗುಳಗಿ ತಗೋತೀರೇನ್ರಿ?" ಎಂದು ಅಂದು ಕೇಳಿದ್ದರು. ಪಕ್ಕದಲ್ಲಿ ಅತ್ತೆ ಕೂತಿದ್ದರು. "ಇಲ್ರಿ," ಎಂದೆ. ಅದಾದ ಮೇಲೆ ಆರು ಕಿಲೋ ಏರಿದ್ದೇನೆ.

೨೨ ಜನವರಿ

ಕನ್ನಡ ಸಾಲಿಯ ಟೀಚರು ಭಾಗ್ಯಶ್ರೀ ಬ್ಲೌಸಿನ ಅಳತೆ ಕೊಡಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. "ವಾಣಿಯಕ್ಕಾರ, ಮೈಕೈ ತುಂಬ್ಕೊಂಡು ಎಷ್ಟ ಛಲೋ ಕಾಣಾಕತ್ತೀರಿ!"

ಹನ್ನೊಂದು ವರ್ಷ ನಾನು ಹೆದರಿದ್ದು "ಯಾಕ ಸೊರಗೀರಿ?" ಎಂಬ ಒಂದೇ ಪ್ರಶ್ನೆಗೆ. ಹೆಣ್ಣು ಸೊರಗಿದರೆ ಓಣಿಯವರು ಕಾರಣ ಹುಡುಕುತ್ತಾರೆ. ದಪ್ಪಗಾದರೆ ಕಾರಣವನ್ನು ಅಡಿಗೆಮನೆಗೆ ಬಿಟ್ಟು ಸುಮ್ಮನಾಗುತ್ತಾರೆ. ಅಷ್ಟು ಖುಷಿಯಾಯಿತೆಂದರೆ, ಟೀಚರ ಬ್ಲೌಸಿನ ತೋಳಿಗೆ ಅವರು ಕೇಳದ ಲೇಸನ್ನೂ ಹಚ್ಚಬೇಕೆಂದು ಅಳತೆಯ ಪಕ್ಕ ಬರೆದುಕೊಂಡೆ.

ಹೊಗಳಿಕೆಯನ್ನು ಅತ್ತೆ ಒಳಗಿನಿಂದಲೇ ಬಾಚಿಕೊಂಡರು. "ಅದು ನಮ್ಮ ಉಪ್ಪಿನಬೆಟಗೇರಿ ಬೆಣ್ಣಿ ಪ್ರತಾಪ. ತವರಮನಿಯಿಂದ ತರಿಸಿ ಹಾಕಾಕತ್ತೇನಲ್ಲ!"

ನಿಜ ಹೇಳಬೇಕೆಂದರೆ ದಪ್ಪ ಎಲ್ಲ ಕಡೆ ಸಮನಾಗಿ ಬಂದಿಲ್ಲ. ಮುಖ ಗುಂಡಗಾಗಿದೆ, ಹೊಟ್ಟೆ ಮುಂದೆ ಬಂದಿದೆ, ಕತ್ತಿನ ಹಿಂದೆ ಒಂದು ಸಣ್ಣ ಡುಬ್ಬ ಎದ್ದಿದೆ. ಕೈಕಾಲು ಮಾತ್ರ ಕಡ್ಡಿ. ಟೇಪು ಹಿಡಿದು ನನ್ನನ್ನೇ ಅಳೆದುಕೊಂಡೆ. ಗಿರಾಕಿಯೊಬ್ಬರ ಅಳತೆ ಹೀಗೆ ಬಂದಿದ್ದರೆ ಎಲ್ಲೋ ತಪ್ಪಿದೆನೆಂದು ಮತ್ತೊಮ್ಮೆ ಅಳೆಯುತ್ತಿದ್ದೆ. ನನ್ನದೇ ಆದ್ದರಿಂದ ಸುಮ್ಮನೆ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಂಡೆ.

೧೧ ಫೆಬ್ರವರಿ

ಮೈಯ ವರದಿ: ನೆಲದ ಮೇಲೆ ಕೂತರೆ ಏಳಲು ಆಗುತ್ತಿಲ್ಲ. ತೊಡೆಯಲ್ಲಿ ಕಸುವೇ ಇಲ್ಲ. ಇವತ್ತು ಜೋಳ ಹಸನು ಮಾಡಿ ಏಳುವಾಗ ಅತ್ತೆ ಕೈ ಕೊಟ್ಟು ಎಬ್ಬಿಸಿದರು. ಎಪ್ಪತ್ನಾಲ್ಕು ನಲವತ್ತಾರನ್ನು ಎಬ್ಬಿಸಿತು.

ಮೇಜಿನ ಅಂಚು ತಗುಲಿದರೆ ಸಾಕು, ಕೈ ಮೇಲೆ ನೇರಳೆ ಹಣ್ಣಿನ ಬಣ್ಣದ ಕಲೆ. ಅತ್ತೆ ತೋಳು ಹಿಡಿದು ನೋಡಿ, ದನಿ ತಗ್ಗಿಸಿ ಕೇಳಿದರು: "ಯಾರ ಹೊಡದ್ರ ಖರೇ ಹೇಳು."

"ಹೊಡ್ಯಾಕ ಮನ್ಯಾಗ ಯಾರದಾರ್ರಿ? ನೀವ, ಮತ್ತ ಈ ಮೇಜು."

"ನಾ ಹೊಡದ್ರ ಇಷ್ಟ ಸಣ್ಣ ಕಲಿ ಬೀಳೂದಿಲ್ಲ," ಎಂದರು.

ಗಲ್ಲದ ಮೇಲೆ ನಾಲ್ಕು ಕೂದಲು ಬೇರೆ ಬಂದಿವೆ. ಅದನ್ನೂ ನೋಡಿದರು. "ನಿಮ್ಮ ಮಾವನವರಿಗೂ ಅಲ್ಲೇ ಇದ್ದವು," ಎಂದು ಹೇಳಿ ದೇವರ ದೀಪ ಹಚ್ಚಲು ಹೋದರು.

೨೫ ಫೆಬ್ರವರಿ

ಗುಳಿಗೆ ತರಲು ಕೇಂದ್ರಕ್ಕೆ ಹೋಗಿದ್ದೆ. ಅತ್ತೆಗೆ ಎಂದಿನಂತೆ ದಾರ ತರಲು ಪೇಟೆಗೆ ಎಂದು ಹೇಳಿದೆ. ಹನ್ನೊಂದು ವರ್ಷ ತಂದ ದಾರದಲ್ಲಿ ಹುಬ್ಬಳ್ಳಿಯನ್ನು ಧಾರವಾಡಕ್ಕೆ ಕಟ್ಟಿಹಾಕಬಹುದು.

ವೈರಸ್ಸಿನ ಲೆಕ್ಕ ಮೊದಲಿನಂತೆಯೇ ಚೆನ್ನಾಗಿದೆ. ಆದರೆ ಸಕ್ಕರೆ ಏರಿದೆ, ಬಿಪಿ ಏರಿದೆ. ಹಾಜರಾಬಿ ಅಕ್ಕ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. "ವಾಣಿ, ಇದು ಬೆಣ್ಣಿ ತಿಂದ ಮಾರಿ ಅಲ್ಲ. ಬ್ಯಾರೆ ಯಾವ ಔಷಧ ತಗೊಳ್ಳಾಕತ್ತಿ?"

"ಯಾವೂ ಇಲ್ಲಕ್ಕಾ."

ಪಂಪಿನ ಸುದ್ದಿ ಹೇಳಿದರೆ, "ಆ ಡಾಕ್ಟರಿಗೆ ನಮ್ಮ ಗುಳಗಿ ಸುದ್ದಿ ಹೇಳೀಯೇನ?" ಎಂದು ಕೇಳುತ್ತಾಳೆ. ಇಲ್ಲ ಎಂದರೆ ಬೈಯುತ್ತಾಳೆ. ಹೌದು ಎಂದರೆ ಸುಳ್ಳಾಗುತ್ತದೆ. ಅದಕ್ಕೇ ಚಿನ್ಮಯೀ ಡಾಕ್ಟರಿಗೆ ಅರ್ಧ ವಾಣಿ, ಇಲ್ಲಿಯವರಿಗೆ ಉಳಿದರ್ಧ. ಎರಡೂ ಕಡೆ ಮರ್ಯಾದೆಯಿಂದ ನಡೆದುಕೊಂಡು ಬಂದಿದೆ. ಮುಂದಿನ ವಾರ ದೊಡ್ಡ ಡಾಕ್ಟರಿಗೆ ತೋರಿಸಬೇಕೆಂದು ಚೀಟಿ ಬರೆಸಿ ಕೊಟ್ಟಿದ್ದಾಳೆ. ಮದುವೆಯ ಬ್ಲೌಸುಗಳು ಮುಗಿಯಲಿ, ನೋಡೋಣ.

೩ ಮಾರ್ಚ್

ಭಾಗ್ಯಶ್ರೀ ಟೀಚರು ಪಂಪು ನೋಡಿ, "ಇಂಥಾದ್ರಾಗ ಸ್ಟೀರಾಯ್ಡ್ ಇರ್ತದಂತ್ರಿ, ಮೈ ಉಬ್ಬತದಂತ," ಎಂದರು. ಸಿಕ್ಕಿತು ಕಾರಣ! ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ಹೇಳಬೇಕಾಗಿಲ್ಲ. ಇವತ್ತಿನಿಂದ ಪಂಪು ಬಂದ್. ಸಂಜೆಯವರೆಗೂ ಉಸಿರು ಸರಿಯಾಗಿಯೇ ಇದೆ. ನಾನು ಡಾಕ್ಟರೇ ಆಗಬಹುದಿತ್ತು.

೮ ಮಾರ್ಚ್

ಜ್ವರ. ಎರಡು ಸಲ ವಾಂತಿ. ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಸೂಜಿಗೆ ದಾರ ಪೋಣಿಸಲು ಆಗಲಿಲ್ಲ.

೧೬ ಮಾರ್ಚ್

ಆಸ್ಪತ್ರೆಯಿಂದ ನಿನ್ನೆ ಬಂದೆ. ನಡೆದದ್ದನ್ನು ಬರೆಯುತ್ತೇನೆ. ಅಕ್ಷರ ಅತ್ತೆ ಹಾಕಿದ ರಂಗೋಲಿಯ ಹಾಗೆ ಸೊಟ್ಟಸೊಟ್ಟ ಬರುತ್ತಿದೆ.

ಒಂಬತ್ತನೇ ತಾರೀಖು ಬೆಳಿಗ್ಗೆ ಯಂತ್ರದ ಮೇಲೆಯೇ ಬಿದ್ದೆನಂತೆ. ಅತ್ತೆ ಓಣಿಯಲ್ಲಿ ನಿಂತು ಕೂಗಿ, ಆಟೋ ಹೊಡೆಯುವ ಹುಲಗೇಶನನ್ನು ಉಣ್ಣುವ ತಾಟಿನಿಂದ ಎಬ್ಬಿಸಿಕೊಂಡು ಬಂದರು. ಕೈಗೆ ಸಿಕ್ಕಿದ್ದು ದಮ್ಮಿನ ಫೈಲು. ಹಾಗಾಗಿ ಚಿನ್ಮಯೀ ಡಾಕ್ಟರ ಆಸ್ಪತ್ರೆಗೇ ಹೋದೆವು.

ಬಿಪಿ ಸಿಗುತ್ತಲೇ ಇರಲಿಲ್ಲವಂತೆ. ಸಲಾಯಿನ್ ಏರಿಸಿ, ಏನೋ ಇಂಜೆಕ್ಷನ್ ಕೊಟ್ಟ ಮೇಲೆ ನನಗೆ ಮೇಲಿನ ಫ್ಯಾನು ಕಾಣಿಸಿತು. ಡಾಕ್ಟರು ಬಾಗಿ, ನನ್ನ ಮುಖವನ್ನು, ಕೈ ಮೇಲಿನ ಕಲೆಗಳನ್ನು ನೋಡಿ ಕೇಳಿದರು: "ವಾಣಿಶ್ರೀ ಅವರ, ನಾ ಕೊಟ್ಟ ಪಂಪಿನಿಂದ ಅಷ್ಟಕ್ಕ ಹಿಂಗ ಆಗೂದಿಲ್ಲ. ಇದರ ಜೋಡಿ ಬ್ಯಾರೆ ಏನೋ ನಿಮ್ಮ ಹೊಟ್ಟ್ಯಾಗ ಹೋಗಲಿಕ್ಕತ್ತದ. ಏನದು? ಹೇಳದಿದ್ರ ನಾ ಕತ್ತಲ್ಯಾಗ ಕೈ ಆಡಿಸಿದಂಗ ಆಗತದ."

ಅತ್ತೆ ನನ್ನ ಸೆರಗಿನ ತುದಿ ಹಿಡಿದು ಪಕ್ಕದಲ್ಲೇ ನಿಂತಿದ್ದರು.

"ಅತ್ತಿಯವರ, ಸ್ವಲ್ಪ ಹೊರಗ ಕುಂದ್ರತೀರೇನ್ರಿ?" ಎಂದೆ.

"ಬಿದ್ದಾಗ ಹಿಡದಾಕಿ ನಾ. ಈಗ ಹೊರಗ ಹೋಗಂದ್ರ ಹೋಗೂದಿಲ್ಲ."

ಒಂದು ಸುಳ್ಳು ಹೇಳಲು ಕೂಡ ಮೈಯಲ್ಲಿ ಶಕ್ತಿ ಬೇಕು, ನನ್ನಲ್ಲಿ ಅದಿರಲಿಲ್ಲ. "ಎಚ್‌ಐವಿ ಗುಳಗಿ ತಗೋತೇನ್ರಿ. ಹನ್ನೊಂದು ವರ್ಷ ಆತು," ಎಂದೆ. ಗುಳಿಗೆಗಳ ಹೆಸರನ್ನೂ ಹೇಳಿದೆ. ಸೆರಗಿನ ತುದಿ ಸಡಿಲವಾಗಲಿಲ್ಲ, ಬಿಗಿಯಾಗಲೂ ಇಲ್ಲ.

ಡಾಕ್ಟರು ಬೈಯಲಿಲ್ಲ. ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದರು. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತ ಒಂದು ಗ್ರಂಥಿ ಇರುತ್ತದಂತೆ. ಮೈಗೆ ಕಸುವು ಕೊಡುವ ಹಾರ್ಮೋನು ಅಲ್ಲಿಂದ ಬರುತ್ತದೆ. ಪಂಪಿನಲ್ಲಿದ್ದದ್ದೂ ಅದೇ ಜಾತಿಯ ಔಷಧ. ಸುಮ್ಮನಿದ್ದರೆ ಅದು ಮೈಯಿಂದ ಬೇಗ ಹೊರಟುಹೋಗುತ್ತಿತ್ತು. ನನ್ನ ಗುಳಿಗೆಗಳಲ್ಲೊಂದು ಅದನ್ನು ಹೋಗಗೊಡದೆ ಹಿಡಿದಿಟ್ಟಿತು. ದಿನದಿನವೂ ಸೇರಿ ಸೇರಿ ಮುಖ ಉಬ್ಬಿತು, ಚರ್ಮ ತೆಳುವಾಯಿತು, ಸಕ್ಕರೆ ಏರಿತು. ಹೊರಗಿನಿಂದ ಇಷ್ಟು ಬರುತ್ತಿದ್ದ ಮೇಲೆ ನಾನ್ಯಾಕೆ ದುಡಿಯಲಿ ಎಂದು ಆ ಗ್ರಂಥಿ ಮನೆ ಅಳಿಯನ ಹಾಗೆ ಮಲಗಿಬಿಟ್ಟಿತು. ನಾನು ಜಾಣೆ, ಪಂಪನ್ನು ಒಮ್ಮೆಲೇ ನಿಲ್ಲಿಸಿದೆ. ಹೊರಗಿನದು ನಿಂತಿತು, ಅಳಿಯ ಏಳಲಿಲ್ಲ. ಮೇಲೆ ಜ್ವರ ಬೇರೆ.

"ಇನ್ನೊಂದ ತಾಸು ತಡ ಆಗಿದ್ರ..." ಎಂದು ಡಾಕ್ಟರು ಅತ್ತೆಯ ಕಡೆ ನೋಡಿ ಮಾತು ನಿಲ್ಲಿಸಿದರು.

ಕೇಂದ್ರದ ಡಾಕ್ಟರಿಗೆ ಅಲ್ಲಿಂದಲೇ ಫೋನು ಮಾಡಿದರು. ಅಂದು ಮೊದಲ ಸಲ ಎರಡು ಅರ್ಧ ವಾಣಿಯರ ಭೇಟಿಯಾಯಿತು.

೧೮ ಮಾರ್ಚ್

ಅತ್ತೆ ಮಾತಾಡುತ್ತಿಲ್ಲ. ಆಸ್ಪತ್ರೆಯಿಂದ ಬಂದಾಗಿನಿಂದ ಇಲ್ಲ. ಹೊತ್ತಿಗೆ ಸರಿಯಾಗಿ ಗಂಜಿ ತಂದಿಡುತ್ತಾರೆ, ಹೋಗುತ್ತಾರೆ. ನನ್ನ ಲೋಟ ಬೇರೆಯಾಗುತ್ತದೆಯೇ ಎಂದು ಕಳ್ಳಗಣ್ಣಿನಿಂದ ನೋಡುತ್ತಿದ್ದೇನೆ. ಆಗಿಲ್ಲ. ನಾನು ಕುಡಿದಿಟ್ಟ ಲೋಟದಲ್ಲೇ ಅವರೂ ನೀರು ಕುಡಿದರು. ಹಾಗಾದರೆ ಹೆದರಿಕೆಯಲ್ಲ. ಮತ್ತೇನು?

೧೯ ಮಾರ್ಚ್

ಮಾತಿಲ್ಲ. ಇವತ್ತು ರೊಟ್ಟಿ. ಬೆಣ್ಣೆ ಇಲ್ಲ.

೨೧ ಮಾರ್ಚ್

ಮಧ್ಯಾಹ್ನ ಅತ್ತೆ ನನ್ನ ಹಾಸಿಗೆಯ ಹತ್ತಿರ ಬಂದು ಕೂತರು. ಸೀರೆಯ ನೂಲು ಕೀಳುತ್ತಿದ್ದರು.

"ಅವಂದಾ?" ಎಂದರು.

ರೋಗ ಮಗನಿಂದಲೇ ಬಂದದ್ದೇ ಎಂದು ಕೇಳುತ್ತಿದ್ದಾರೆಂದು ತಿಳಿಯಿತು. ಇಲ್ಲ ಎನ್ನಬಹುದಿತ್ತು. ಹಾಗೆಂದರೆ ನಮ್ಮನೆಯವರು ಅತ್ತೆಯ ಪಾಲಿಗೆ ಗೋಡೆಯ ಫೋಟೋದಲ್ಲಿ ಇದ್ದ ಹಾಗೆಯೇ ಇರುತ್ತಿದ್ದರು.

"ಹೌದ್ರಿ."

"ಅವಗ ಗೊತ್ತಿತ್ತೇನ?"

"ಕಡೀ ವರ್ಷ ಗೊತ್ತಾತ್ರಿ. ಇಬ್ಬರಿಗೂ ಕೂಡೇ. ಅವ್ವಗ ಹೇಳಬ್ಯಾಡ ಅಂತ ನನ್ನ ಕೈ ಹಿಡಕೊಂಡ್ರು."

ಅತ್ತೆ ನೂಲು ಕೀಳುವುದನ್ನು ನಿಲ್ಲಿಸಿದರು. "ಉಣಸಲಿಲ್ಲ ಅಂತ ನಿನ್ನ ಅಂದೆ. ಹನ್ನೊಂದು ವರ್ಷ ಅಂದೆ. ಬಂದವರ ಮುಂದ ಅಂದೆ, ಹೋದವರ ಮುಂದ ಅಂದೆ. ನೀ ಒಂದ ಸಲಾನೂ ತಿರಗಿ ಹೇಳಲಿಲ್ಲ."

"ಮಿಷನ್ ಸದ್ದಿನ್ಯಾಗ ಎಲ್ಲಾ ಕೇಳ್ತಿರಲಿಲ್ರಿ," ಎಂದೆ. ನಗಿಸಬೇಕೆಂದು ಹೇಳಿದ್ದು. ಅವರು ನಗಲಿಲ್ಲ. ಸೆರಗು ಬಾಯಿಗೆ ಹಿಡಿದು ಅತ್ತರು. ನನಗೂ ಅಳು ಬಂತು. ಮುಖ ಗುಂಡಗಿದ್ದರೆ ಕಣ್ಣೀರು ಹರಿಯಲು ದಾರಿ ಬಹಳ ದೂರ.

ಆಮೇಲೆ ಮೂಗು ಒರೆಸಿಕೊಂಡು ಕೇಳಿದರು: "ಗುಳಗಿ ಎಷ್ಟ ಹೊತ್ತಿಗೆ ತಗೋಬೇಕು?"

೨ ಏಪ್ರಿಲ್

ಅತ್ತೆಯ ಆ ಪ್ರಶ್ನೆಗೆ ಉತ್ತರ ಕೊಟ್ಟು ತಪ್ಪು ಮಾಡಿದೆ. ಹೊಸ ಏರ್ಪಾಡು ಹೀಗಿದೆ: ಎಚ್‌ಐವಿ ಗುಳಿಗೆ ಎಂದಿನಂತೆ. ಪಂಪು ಬದಲಾಗಿದೆ, ಈಗಿನದು ಗುಳಿಗೆಯ ಜೊತೆ ಜಗಳವಾಡುವುದಿಲ್ಲವಂತೆ. ಅಳಿಯ ಏಳುವವರೆಗೂ ಬೆಳಿಗ್ಗೆ ಒಂದು, ಮಧ್ಯಾಹ್ನ ಅರ್ಧ ಹಾರ್ಮೋನಿನ ಗುಳಿಗೆ. ಡಾಕ್ಟರು ಮೆಲ್ಲಮೆಲ್ಲಗೆ ಕಡಿಮೆ ಮಾಡುತ್ತಾರೆ. ನಾನಾಗಿ ಎಂದೂ ನಿಲ್ಲಿಸಕೂಡದು. ಜ್ವರ ಬಂದರೆ ಎರಡು ಪಟ್ಟು. ಪರ್ಸಿನಲ್ಲಿ ಇದನ್ನೆಲ್ಲ ಬರೆದ ಒಂದು ಕಾರ್ಡು ಇರಬೇಕು.

ಇಷ್ಟೂ ಅತ್ತೆಗೆ ಬಾಯಿಪಾಠವಾಗಿದೆ. ಎಂಟಕ್ಕೆ ಸರಿಯಾಗಿ ದೇವರ ಗಂಟೆ ಬಾರಿಸುತ್ತಾರೆ. ಪೂಜೆ ಎಂದು ಓಣಿಯವರು ತಿಳಿದಿದ್ದಾರೆ. ಅದು ನನ್ನ ಗುಳಿಗೆ. ಡಬ್ಬಿಯಿಂದ ಗುಳಿಗೆಗಳನ್ನು ತೆಗೆಸಿ, ಅಡಿಗೆಮನೆಯ ಗೋಡೆಯ ಮಾಡದಲ್ಲಿ ಉಪ್ಪಿನ ಪಕ್ಕ ಇಟ್ಟಿದ್ದಾರೆ. "ಗುಂಡಿ ನಡುವ ಗುಳಗಿ! ಯಾವತ್ತರ ಒಂದ ಗುಂಡಿ ನುಂಗಿದ್ರ?" ಎಂದರು. ಒಮ್ಮೆ ನುಂಗಿದ್ದೇನೆ. ಹೇಳಲಿಲ್ಲ.

೧೬ ಏಪ್ರಿಲ್

ಹಾಜರಾಬಿ ಅಕ್ಕ ಮನೆಗೆ ಬಂದಿದ್ದಳು. ಹನ್ನೊಂದು ವರ್ಷದ ಗೆಳತಿಗೆ ನನ್ನ ಮನೆಯ ಬಾಗಿಲು ಯಾವ ಬಣ್ಣವೆಂದು ಇವತ್ತೇ ಗೊತ್ತಾದದ್ದು. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು: "ಬಾಯಿಗೆ ಹುಕ್ ಹಚ್ಕೊಂಡಿದ್ದೀಯೇನ? 'ಯಾವೂ ಇಲ್ಲಕ್ಕಾ'! ಎಷ್ಟ ಚಂದ ಅಂದಿದ್ದಿ ಅವತ್ತು!"

ಅತ್ತೆಗೆ ನನ್ನನ್ನು ಬೈಯುವವರೆಂದರೆ ಮೊದಲಿನಿಂದಲೂ ಪ್ರೀತಿ. ಚಹಾ ತಂದುಕೊಟ್ಟು ಎದುರಿಗೆ ಕೂತು ಕೇಳಿದರು: "ನಿನಗೂ ಐತೇನವಾ?"

"ಹೂಂರಿ ಅವ್ವಾರ, ಹದಿನೆಂಟು ವರ್ಷ ಆತ್ರಿ."

"ಮತ್ತ ನೀನೂ ದಪ್ಪನ ಅದೀ. ನೀನೂ ಪಂಪ್ ಹೊಡೀತಿಯೇನ?"

"ಇಲ್ರೀ! ನಂದು ಉಂಡು ಗಳಿಸಿದ್ದು. ಯಾವ ಡಾಕ್ಟರ್ ಉಪಕಾರಾನೂ ಇಲ್ಲ."

ಅತ್ತೆ ನಕ್ಕರು. ಮಾರ್ಚ್ ಒಂಬತ್ತರ ಮೇಲೆ ಇದೇ ಮೊದಲು. ಹೋಗುವಾಗ ಅಕ್ಕ ನನ್ನನ್ನು ಬಾಗಿಲಲ್ಲಿ ಹಿಡಿದು, ಕೇಂದ್ರಕ್ಕೆ ಬರುವ ಹೆಣ್ಣುಮಕ್ಕಳಿಗೆ ಈ ಪಂಪಿನ ಕಥೆಯನ್ನು ನಾನೇ ಹೇಳಬೇಕೆಂದಳು. "ನಾ ಹೇಳಿದ್ರ ಉಪದೇಶ ಅಂತಾರ. ನಿನ್ನ ಮಾರಿ ನೋಡಿದ್ರ ನಂಬತಾರ." ಆಗುವುದಿಲ್ಲ ಎಂದೆ. ನಾಲ್ಕು ಜನರ ಮುಂದೆ ಬಾಯಿ ತೆರೆಯುವವಳು ನಾನಲ್ಲ.

೭ ಜುಲೈ

ಬೆಳಗಿನ ರಕ್ತ ಪರೀಕ್ಷೆಯಾಯಿತು. ಅಳಿಯ ಒಂದು ಕಣ್ಣು ತೆರೆದಿದ್ದಾನೆ ಎಂದು ಚಿನ್ಮಯೀ ಡಾಕ್ಟರು ಹೇಳಿದರು. ನನ್ನ ಹೋಲಿಕೆ ಅವರಿಗೂ ಅಂಟಿಕೊಂಡಿದೆ. ಮಧ್ಯಾಹ್ನದ ಅರ್ಧ ಗುಳಿಗೆ ಬಂದ್. ಸಕ್ಕರೆ ಇಳಿದಿದೆ. ಕತ್ತಿನ ಹಿಂದಿನ ಡುಬ್ಬ ಕರಗುತ್ತಿದೆ. ನೆಲದಿಂದ ನಾನೇ ಎದ್ದೆ. ಅತ್ತೆ ಚಪ್ಪಾಳೆ ತಟ್ಟಿದರು, ಕೂಸು ಹೆಜ್ಜೆ ಇಟ್ಟ ಹಾಗೆ.

ಬರುವಾಗ ಕೇಂದ್ರಕ್ಕೂ ಹೋಗಿದ್ದೆವು. ಅಕ್ಕ ಯಾರನ್ನೋ ಕರೆದುಕೊಂಡು ಬರುತ್ತೇನೆಂದು ಹೋದವಳು ಒಂಬತ್ತು ಹೆಣ್ಣುಮಕ್ಕಳನ್ನು ತಂದು ನನ್ನ ಎದುರಿಗೆ ಕೂರಿಸಿದಳು. ಮೋಸ. ಬೇರೆ ದಾರಿಯಿಲ್ಲದೆ ಹೇಳಿದೆ. ಕಾಲು ತಾಸು ಆಗಿರಬೇಕು. ಮನೆ ಅಳಿಯನ ಮಾತು ಬಂದಾಗ ನಕ್ಕರು. ಗಾರ್ಗಿ ಎಂಬ ಹುಡುಗಿಯೊಬ್ಬಳು ಮಾತ್ರ ನಗದೆ ಪರ್ಸಿನಿಂದ ಮೊಣಕಾಲು ನೋವಿನ ಇಂಜೆಕ್ಷನ್ನಿನ ಚೀಟಿ ತೆಗೆದು, "ಅಕ್ಕಾರ, ನಾಳೆ ಇದನ್ನ ಹಾಕಿಸ್ಕೊಳ್ಳೂದೈತ್ರಿ. ನಮ್ಮ ಗುಳಗಿ ಸುದ್ದಿ ಅಲ್ಲೆ ಹೇಳಿಲ್ಲ," ಎಂದಳು. ಅಕ್ಕ ಚೀಟಿ ಕಸಿದುಕೊಂಡು ಡಾಕ್ಟರ ಕಡೆ ಓಡಿದಳು. ಅದೂ ಅದೇ ಜಾತಿಯ ಔಷಧವಂತೆ.

ಕೇಂದ್ರದ ಚಹಾ ಬರೀ ನೀರು. ದಾರ ತರಲು ಮರೆತೆ. ಈ ಸಲ ನಿಜವಾಗಿಯೂ ದಾರ ಬೇಕಿತ್ತು.

೧೪ ಸೆಪ್ಟೆಂಬರ್

ನಾಲ್ಕು ದಿನದಿಂದ ದವಡೆ ಹಲ್ಲು ಪ್ರಾಣ ತಿನ್ನುತ್ತಿತ್ತು. ಇವತ್ತು ಅತ್ತೆಯ ಜೊತೆ ಹಲ್ಲಿನ ಡಾಕ್ಟರು ಶಿವಯೋಗೀಶರ ಹತ್ತಿರ ಹೋದೆ. ಹೊಸ ದವಾಖಾನೆ, ಎಲ್ಲಾ ಬಿಳಿ. ಕಾಯುವ ಕುರ್ಚಿಗಳಿಗೂ ಡಾಕ್ಟರ ಕುರ್ಚಿಗೂ ನಡುವೆ ಒಂದು ತೆಳ್ಳನೆಯ ಪರದೆ ಅಷ್ಟೇ. ಹಲ್ಲು ಕೀಳಬೇಕೆಂದರು. ಬೇರೆ ಗುಳಿಗೆ ಏನಾದರೂ ಇದೆಯೇ ಎಂದು ಕೇಳಿದರು.

"ಎಚ್‌ಐವಿ ಗುಳಗಿ ಅದಾವ್ರಿ, ದಮ್ಮಿನ ಪಂಪ್ ಒಂದೈತಿ, ಮುಂಜಾನೆ ಹಾರ್ಮೋನ್ ಗುಳಗಿ ಒಂದು. ಹಲ್ಲ ಕೀಳೂ ದಿನಾ ಅದನ್ನ ಎರಡ ಪಟ್ಟ ತಗೋಬೇಕಂತ್ರಿ, ತಗೊಂಡ ಬಂದೇನಿ. ಈ ಕಾರ್ಡ್ ನೋಡ್ರಿ. ಲಗೂನ ಕೀಳ್ರಿ, ನೋವು ತಡಕೊಳ್ಳಾಕ ಆಗವಲ್ದು."

ಡಾಕ್ಟರು ಕಾರ್ಡು ಓದಿದರು. ತಿರುಗಿಸಿ ಹಿಂದೆಯೂ ನೋಡಿದರು, ಅಲ್ಲೇನೂ ಇರಲಿಲ್ಲ. "ಹಂಗಾದ್ರ... ಶನಿವಾರ ಬರ್ರಿ. ಎಲ್ಲಾರದೂ ಮುಗದಮ್ಯಾಲೆ, ಕಡೀಕ," ಎಂದರು.

ಇವತ್ತು ಗುರುವಾರ. ಶನಿವಾರದವರೆಗೆ ಈ ಹಲ್ಲಿಗೆ ಯಾರು ಸಮಾಧಾನ ಹೇಳಬೇಕು ಎಂದು ನಾನು ಕೇಳುವಷ್ಟರಲ್ಲಿ ಪರದೆ ಸರಿಯಿತು. ಅತ್ತೆ ಬಂದು ನಿಂತಿದ್ದರು.

"ಡಾಕ್ಟರ್, ನಾ ಈಕಿ ಜೋಡಿ ಒಂದ ತಾಟಿನ್ಯಾಗ ಉಣ್ತೇನ್ರಿ," ಎಂದರು. "ನೀವು ಹಿಡಿಯೂದು ಬರೇ ಒಂದ ಹಲ್ಲು. ಅದೂ ರಬ್ಬರ್ ಕೈಗವಸ ಹಾಕ್ಕೊಂಡು!"

ಹೊರಗೆ ಕಾಯುತ್ತಿದ್ದವರೆಲ್ಲ ಈ ಕಡೆ ತಿರುಗಿದರು. ಡಾಕ್ಟರ ಕಿವಿ ಕೆಂಪಾಯಿತು. ಆಮೇಲೆ, "ತಪ್ಪಾತ್ರಿ ಅಜ್ಜಿ. ಎಲ್ಲಾರಿಗೂ ಹೆಂಗ ಹೊಸಾ ಕೈಗವಸ, ಕುದಿಸಿದ ಸಾಮಾನೋ, ಇವರಿಗೂ ಹಂಗ. ಕುಂದರ್ರಿ, ಈಗ ಕೀಳೂಣು," ಎಂದರು. ಚಿನ್ಮಯೀ ಡಾಕ್ಟರಿಗೆ ಫೋನು ಮಾಡಿ ಕೇಳಿಕೊಂಡು, ಹತ್ತು ನಿಮಿಷದಲ್ಲಿ ಕಿತ್ತರು. ಕೈ ಹಗುರವಾಗಿದೆ, ಆ ಮಾತು ಹೇಳಲೇಬೇಕು.

ನನಗೆ ಸಿಟ್ಟು ಬಂದದ್ದು ಹಲ್ಲಿಗೆ. ಇಷ್ಟು ನೋವು ಕೊಟ್ಟದ್ದು ಕೈಗೆ ತೆಗೆದುಕೊಂಡು ನೋಡಿದರೆ ಅಕ್ಕಿಯ ಕಾಳಿನಷ್ಟೇ ಕೊಳೆತಿತ್ತು. ಇಡೀ ದಿನ ನಾಲಿಗೆ ಆ ಖಾಲಿ ಜಾಗಕ್ಕೇ ಹೋಗುತ್ತಿದೆ. ನಾಳೆ ಎರಡು ಬ್ಲೌಸು ಕೊಡಬೇಕು, ತೋಳು ಇನ್ನೂ ಕೂಡಿಸಿಲ್ಲ. ಬೇರೆ ಬರೆಯುವಂಥದ್ದೇನೂ ಇಲ್ಲ.

ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದರು. ಕೈಯಲ್ಲಿ ನಮ್ಮ ದೊಡ್ಡ ತಾಟು. ಅದರಲ್ಲಿ ಮೆತ್ತಗೆ ಕಲಸಿದ ಮೊಸರನ್ನ, ಇಬ್ಬರಿಗಾಗುವಷ್ಟು.

"ನನ್ನ ತಾಟ ಎಲ್ಲೈತ್ರಿ?" ಎಂದೆ, ಅರ್ಧ ಬಾಯಲ್ಲಿ.

"ಇದ. ಅಷ್ಟ ಮಂದಿ ಮುಂದ ಅಂದ ಬಂದೇನಿ, ನನ್ನ ಮಾತ ಸುಳ್ಳ ಆಗಬಾರದು. ಅದನ್ನ ಬರಿಯೂದು ಬಿಡು, ಸರಿ ಈ ಕಡೆ."

ಸರಿದು ಕೂತೆ. ನಾನು ಮೆಲ್ಲಗೆ ನುಂಗುವಷ್ಟರಲ್ಲಿ ನನ್ನ ಕಡೆಯ ಉಪ್ಪಿನಕಾಯಿಯನ್ನೂ ಅವರೇ ತಿಂದು ಮುಗಿಸಿದರು.